ಭಾರಲೋಹ ಪತ್ತೆಯ ಪರ್ಯಾಯ ಪರೀಕ್ಷೆಗಳು: ಯಾವುದಕ್ಕೆ ಎಷ್ಟು ಬೆಲೆ ಕೊಡಬಹುದು?

ಸೀಸ, ಪಾದರಸ, ಆರ್ಸೆನಿಕ್, ಕ್ಯಾಡ್ಮಿಯಂ ಮೊದಲಾದ ಭಾರಲೋಹಗಳು ಮೈಯಲ್ಲಿ ಸೇರಿಕೊಂಡಿರಬಹುದೇ ಎಂಬ ಅನುಮಾನ ಒಮ್ಮೆ ತಲೆಹೊಕ್ಕರೆ ಅದನ್ನು ಹೊರಗಟ್ಟುವುದು ಕಷ್ಟ. ಸದಾ ಸುಸ್ತು, ತಲೆನೋವು, ಮರೆವು, ಕೈಕಾಲು ಜೋಮು ಹಿಡಿಯುವುದು, ನಿದ್ದೆಗೆಡುವುದು, ಹೊಟ್ಟೆ ಕೆಡುವುದು ಹೀಗೆ ಲೋಹದ ಬಾಧೆಗೆ ಹೇಳುವ ಲಕ್ಷಣಗಳೆಲ್ಲ ಇನ್ನೂ ಹತ್ತಾರು ಕಾಯಿಲೆಗಳಲ್ಲಿಯೂ ಕಾಣಿಸಿಕೊಳ್ಳುವಂಥವೇ ಆಗಿವೆ. ವೈದ್ಯರಿಂದ ವೈದ್ಯರಿಗೆ ಅಲೆದು, ಎಲ್ಲ ಕಡೆಯೂ ‘ರಿಪೋರ್ಟ್ ನಾರ್ಮಲ್ ಇದೆ’ ಎಂಬ ಒಂದೇ ಮಾತನ್ನು ಕೇಳಿ ಬೇಸತ್ತವರಿಗೆ, ಕೂದಲಿನಿಂದಲೋ ಮೂತ್ರದಿಂದಲೋ ಅಂಗೈಯಿಂದಲೋ ಕಾರಣವನ್ನು ಹುಡುಕಿಕೊಡುತ್ತೇವೆ ಎನ್ನುವ ಪರ್ಯಾಯ ಆರೋಗ್ಯ ಕೇಂದ್ರಗಳು ಆಸರೆಯಾಗಿ ತೋರುವುದು ಸಹಜ. ಆ ಕೇಂದ್ರಗಳು ಒದಗಿಸುವ ಪರೀಕ್ಷೆಗಳನ್ನು ಸೇವೆಗಳೆಂದೇ ಪರಿಗಣಿಸಿ, ಹಣ ಕೊಡುವವರ ಕಡೆಯಿಂದ ಇಲ್ಲಿ ಪರಿಶೀಲಿಸಿದ್ದೇನೆ.

ಯಾವುದೇ ಪರೀಕ್ಷೆಯನ್ನು ಮೂರು ಪ್ರಶ್ನೆಗಳಿಂದ ಅಳೆಯಬಹುದು. ಒಂದೇ ಮಾದರಿಯನ್ನು ಎರಡು ಸಲ ಕೊಟ್ಟರೆ ಒಂದೇ ಉತ್ತರ ಬರುತ್ತದೆಯೇ ಎಂಬುದು ಮೊದಲನೆಯದು. ಬಂದ ಅಂಕಿಗೂ ದೇಹದಲ್ಲಿ ನಿಜವಾಗಿ ಇರುವ ಲೋಹಕ್ಕೂ ಸಂಬಂಧವಿದೆಯೇ, ಆರೋಗ್ಯವಂತರ ಅಂಕಿಗೂ ಬಾಧಿತರ ಅಂಕಿಗೂ ಇರುವ ಅಂತರವನ್ನು ಯಾರಾದರೂ ಸರಿಯಾಗಿ ಗುರುತಿಸಿದ್ದಾರೆಯೇ ಎಂಬುದು ಎರಡನೆಯದು. ಮೂರನೆಯದೇ ನನ್ನ ದೃಷ್ಟಿಯಲ್ಲಿ ಎಲ್ಲಕ್ಕಿಂತ ಮುಖ್ಯ: ‘ನಿಮ್ಮಲ್ಲಿ ಲೋಹವಿಲ್ಲ’ ಎಂದು ಹೇಳುವ ಸಾಧ್ಯತೆ ಆ ಪರೀಕ್ಷೆಗೆ ಇದೆಯೇ? ಯಾರು ಬಂದರೂ ಏನಾದರೊಂದು ಲೋಹವನ್ನು ತೋರಿಸಿಯೇ ಕಳುಹಿಸುವ ಪರೀಕ್ಷೆಯಿಂದ ರೋಗಿಗೆ ತಿಳಿದುಬರುವುದು ಏನೂ ಇರುವುದಿಲ್ಲ.

ಲೋಹಗಳೆಲ್ಲ ದೇಹದಲ್ಲಿ ಒಂದೇ ರೀತಿ ನಡೆದುಕೊಳ್ಳುವುದಿಲ್ಲ ಎಂಬುದನ್ನು ಮೊದಲೇ ತಿಳಿದಿರಬೇಕು. ಸೀಸವನ್ನು ರಕ್ತದಲ್ಲಿ ಅಳೆಯುತ್ತಾರೆ. ರಕ್ತದಲ್ಲಿರುವ ಸೀಸ ಅರ್ಧಕ್ಕಿಳಿಯಲು ಸುಮಾರು ಒಂದು ತಿಂಗಳು ಸಾಕು, ಆದರೆ ಮೂಳೆಯೊಳಗೆ ಹೋಗಿ ಕೂತ ಸೀಸ ದಶಕಗಳ ಕಾಲ ಅಲ್ಲಿಯೇ ಉಳಿಯುತ್ತದೆ, ಮತ್ತು ವಯಸ್ಕರ ದೇಹದಲ್ಲಿರುವ ಸೀಸದ ಬಹುಪಾಲು ಇರುವುದು ಮೂಳೆಯಲ್ಲಿಯೇ. ಮೀನಿನ ಮೂಲಕ ಬರುವ ಮೀಥೈಲ್ ಪಾದರಸ ರಕ್ತದಲ್ಲಿ ಸಿಗುತ್ತದೆ. ಆವಿಯಾಗಿ ಉಸಿರಿನೊಂದಿಗೆ ಸೇರಿದ ಪಾದರಸಕ್ಕೆ ಅಥವಾ ಮುಖ ಬೆಳ್ಳಗಾಗಿಸುವ ಕೆಲವು ಕ್ರೀಮುಗಳಿಂದ ಚರ್ಮದ ಮೂಲಕ ಇಳಿದ ಪಾದರಸ ಲವಣಗಳಿಗೆ ಮೂತ್ರಪರೀಕ್ಷೆಯೇ ಸರಿ. ಆರ್ಸೆನಿಕ್ ರಕ್ತದಿಂದ ಕೆಲವೇ ಗಂಟೆಗಳಲ್ಲಿ ಜಾರಿಹೋಗುವುದರಿಂದ ಅದನ್ನು ಮೂತ್ರದಲ್ಲಿ, ಅದೂ ಸೇವನೆಯಾದ ಕೆಲವು ದಿನಗಳೊಳಗೆ ಹುಡುಕಬೇಕು. ಕ್ಯಾಡ್ಮಿಯಂ ಮೂತ್ರಪಿಂಡದಲ್ಲಿ ಹತ್ತಾರು ವರ್ಷ ನೆಲೆಸುತ್ತದೆ. ಹಳೆಯ ಸಂಗ್ರಹವನ್ನು ಮೂತ್ರವೂ ಇತ್ತೀಚಿನ ಸಂಪರ್ಕವನ್ನು ರಕ್ತವೂ ಹೇಳುತ್ತವೆ. ಆದುದರಿಂದ ‘ಭಾರಲೋಹದ ಪರೀಕ್ಷೆ’ ಎಂಬ ಒಂದೇ ಪರೀಕ್ಷೆ ಎಲ್ಲಿಯೂ ಇಲ್ಲ. ಯಾವ ಲೋಹ, ಯಾವ ದಾರಿಯಿಂದ, ಯಾವಾಗ ಎಂಬುದು ಗೊತ್ತಾದ ಮೇಲಷ್ಟೇ ಯಾವ ಮಾದರಿ ಬೇಕೆಂಬುದು ನಿರ್ಧಾರವಾಗುತ್ತದೆ. ಪರ್ಯಾಯ ಕೇಂದ್ರಗಳ ಬಹುತೇಕ ಪ್ಯಾಕೇಜುಗಳು ಈ ಮೂರನ್ನೂ ಕೇಳದೆಯೇ ಮಾದರಿ ಪಡೆದುಕೊಳ್ಳುತ್ತವೆ.

ಇವುಗಳಲ್ಲಿ ಅತಿ ಹೆಚ್ಚು ಜನ ಮಾಡಿಸಿಕೊಳ್ಳುವುದು ಕೂದಲಿನ ಖನಿಜ ವಿಶ್ಲೇಷಣೆ. ಇದಕ್ಕೆ ಸೂಜಿ ಚುಚ್ಚಿಸಿಕೊಳ್ಳಬೇಕಾಗಿಲ್ಲ, ಹಿಂದಲೆಯ ಬುಡದಿಂದ ಕತ್ತರಿಸಿದ ಸಣ್ಣದೊಂದು ಕೂದಲ ಗುಚ್ಛವನ್ನು ಲಕೋಟೆಯಲ್ಲಿಟ್ಟು ಅಂಚೆಯಲ್ಲಿ ಕಳುಹಿಸಿದರೆ ಸಾಕು. ಕೂದಲು ತಿಂಗಳಿಗೆ ಸುಮಾರು ಒಂದು ಸೆಂಟಿಮೀಟರ್ ಬೆಳೆಯುತ್ತದೆ; ಬೆಳೆಯುವ ಹೊತ್ತಿನಲ್ಲಿ ರಕ್ತದಲ್ಲಿದ್ದ ಕೆಲವು ಲೋಹಗಳು ಅದರೊಳಗೆ ಸೇರುತ್ತವೆ ಎಂಬುದೂ ನಿಜ. ಮೀಥೈಲ್ ಪಾದರಸದ ಮಟ್ಟಿಗಂತೂ ಕೂದಲು ಒಪ್ಪಿತವಾದ ಸಾಕ್ಷಿಯೇ ಆಗಿದೆ. 1971–72ರಲ್ಲಿ ಇರಾಕಿನಲ್ಲಿ ಪಾದರಸದ ಶಿಲೀಂಧ್ರನಾಶಕ ಸವರಿದ್ದ ಬಿತ್ತನೆ ಗೋಧಿಯನ್ನು ಹಿಟ್ಟು ಮಾಡಿ ತಿಂದು ಸಾವಿರಾರು ಜನ ಆಸ್ಪತ್ರೆ ಸೇರಿದಾಗ, ಯಾರ ಮೈಗೆ ಯಾವ ತಿಂಗಳಲ್ಲಿ ಎಷ್ಟು ಪಾದರಸ ಸೇರಿತ್ತು ಎಂಬುದನ್ನು ಸಂಶೋಧಕರು ಕೂದಲೆಳೆಯ ಉದ್ದಕ್ಕೂ ಓದಿದ್ದರು. ಫ್ಯಾರೋ ದ್ವೀಪಗಳಲ್ಲಿಯೂ ಸೇಶೆಲ್ಸ್‌ನಲ್ಲಿಯೂ ಮೀನು ತಿನ್ನುವ ತಾಯಂದಿರ ಮತ್ತು ಮಕ್ಕಳ ಮೇಲೆ ನಡೆದ ದೀರ್ಘಾವಧಿ ಅಧ್ಯಯನಗಳಲ್ಲಿ ಕೂದಲಿನ ಅಳತೆಗಳನ್ನು ಬಳಸಿದ್ದಾರೆ. ಕೂದಲೆಂದ ಮಾತ್ರಕ್ಕೆ ಇಡೀ ವಿಧಾನವನ್ನೇ ತಳ್ಳಿಹಾಕುವವರು ಇದನ್ನು ನೆನಪಿಡಬೇಕು.

ಆದರೆ ಮಾರಾಟವಾಗುತ್ತಿರುವ ಸೇವೆ ಅದಲ್ಲ. ಅಲ್ಲಿ ಒಂದು ಗುಚ್ಛದಿಂದ ಇಪ್ಪತ್ತು, ಮೂವತ್ತು ಧಾತುಗಳ ಪಟ್ಟಿ ಬರುತ್ತದೆ, ಪ್ರತಿಯೊಂದರ ಎದುರಿಗೆ ಹಸಿರು, ಹಳದಿ, ಕೆಂಪು ಪಟ್ಟೆಗಳಿರುತ್ತವೆ, ಕೊನೆಯಲ್ಲಿ ಯಾವ ಪೂರಕ ಮಾತ್ರೆಗಳನ್ನು ತೆಗೆದುಕೊಳ್ಳಬೇಕೆಂಬ ಸಲಹೆಯಿರುತ್ತದೆ. ಮೊದಲ ಪ್ರಶ್ನೆಯಲ್ಲಿಯೇ ಇದು ಸೋಲುತ್ತದೆ. 1985ರಲ್ಲಿ ಅಮೆರಿಕದ ವೈದ್ಯ ಸ್ಟೀಫನ್ ಬ್ಯಾರೆಟ್ ಇಬ್ಬರು ಆರೋಗ್ಯವಂತ ಹದಿಹರೆಯದವರ ಕೂದಲನ್ನು 13 ವಾಣಿಜ್ಯ ಪ್ರಯೋಗಾಲಯಗಳಿಗೆ ಕಳುಹಿಸಿದಾಗ ಬಂದ ಉತ್ತರಗಳು ಒಂದಕ್ಕೊಂದು ತಾಳೆಯಾಗಲಿಲ್ಲ. ಹದಿನಾರು ವರ್ಷಗಳ ಬಳಿಕ, 2001ರಲ್ಲಿ, ಒಬ್ಬರೇ ಆರೋಗ್ಯವಂತ ವ್ಯಕ್ತಿಯ ಕೂದಲನ್ನು ಪಾಲು ಮಾಡಿ ಆರು ಪ್ರಯೋಗಾಲಯಗಳಿಗೆ ಕಳುಹಿಸಿದ ಇನ್ನೊಂದು ಅಧ್ಯಯನ ಅಮೆರಿಕದ ವೈದ್ಯಕೀಯ ಸಂಘದ ನಿಯತಕಾಲಿಕೆಯಲ್ಲಿ ಪ್ರಕಟವಾಯಿತು. ಅದರಲ್ಲಿ 12 ಖನಿಜಗಳ ವಿಷಯದಲ್ಲಿ ಅತಿ ಕಡಿಮೆ ಅಂಕಿಗೂ ಅತಿ ಹೆಚ್ಚಿನ ಅಂಕಿಗೂ ಹತ್ತು ಪಟ್ಟಿಗಿಂತ ಹೆಚ್ಚಿನ ಅಂತರವಿತ್ತು. ಅದೇ ವರ್ಷ ಅಮೆರಿಕದ ವಿಷವಸ್ತುಗಳ ಸಾರ್ವಜನಿಕ ಆರೋಗ್ಯ ಸಂಸ್ಥೆಯಾದ ಎಟಿಎಸ್‌ಡಿಆರ್ ಕೂಡಿಸಿದ್ದ ತಜ್ಞರ ಸಮಿತಿ, ಬಹುತೇಕ ವಸ್ತುಗಳ ಮಟ್ಟಿಗೆ ಕೂದಲಿನ ಅಂಕಿಯಿಂದ ಆರೋಗ್ಯದ ಪರಿಣಾಮವನ್ನು ಊಹಿಸಲು ಬೇಕಾದ ಮಾಹಿತಿಯೇ ಇಲ್ಲ ಎಂಬ ತೀರ್ಮಾನಕ್ಕೆ ಬಂದಿತು.

ಈ ಅಂತರಕ್ಕೆ ಯಂತ್ರಗಳೊಂದೇ ಕಾರಣವಲ್ಲ. ಕೂದಲು ಗಾಳಿಯ ಧೂಳನ್ನೂ ಸ್ನಾನದ ನೀರಿನಲ್ಲಿರುವ ಲೋಹವನ್ನೂ ಹೀರಿಕೊಳ್ಳುತ್ತದೆ. ಹೊಟ್ಟು ನಿವಾರಿಸುವ ಕೆಲವು ಶಾಂಪೂಗಳಲ್ಲಿ ಸೆಲೆನಿಯಂ ಇದೆ, ನರೆ ಮರೆಮಾಡುವ ಕೆಲವು ಬಣ್ಣಗಳಲ್ಲಿ ಸೀಸದ ಅಸಿಟೇಟ್ ಇತ್ತು. ಇವನ್ನು ತೊಳೆದು ತೆಗೆಯೋಣವೆಂದರೆ, ಹೆಚ್ಚು ತೊಳೆದಷ್ಟೂ ಒಳಗಿನಿಂದ ಬಂದ ಲೋಹವೂ ಸ್ವಲ್ಪ ಹೊರಟುಹೋಗುತ್ತದೆ. ಕಡಿಮೆ ತೊಳೆದರೆ ಹೊರಗಿನದು ಉಳಿಯುತ್ತದೆ. ಎಲ್ಲ ಪ್ರಯೋಗಾಲಯಗಳೂ ಒಂದೇ ಕ್ರಮದಲ್ಲಿ ತೊಳೆಯುವುದಿಲ್ಲ. ಜೊತೆಗೆ ಲೆಕ್ಕಾಚಾರದ ಒಂದು ತೊಡಕಿದೆ. ಆರೋಗ್ಯವಂತರಲ್ಲಿ ನೂರಕ್ಕೆ ತೊಂಬತ್ತೈದು ಜನರ ಅಂಕಿಗಳು ಬೀಳುವ ವ್ಯಾಪ್ತಿಯನ್ನು ‘ಸಾಮಾನ್ಯ’ ಎಂದು ಕರೆದರೆ, ಪರಸ್ಪರ ಸಂಬಂಧವಿಲ್ಲದ ಇಪ್ಪತ್ತು ಧಾತುಗಳನ್ನು ಒಟ್ಟಿಗೆ ಅಳೆದಾಗ ಯಾವ ತೊಂದರೆಯೂ ಇಲ್ಲದ ವ್ಯಕ್ತಿಯ ವರದಿಯಲ್ಲಿಯೂ ಒಂದಾದರೂ ಅಂಕಿ ಹೊರಬೀಳುವ ಸಾಧ್ಯತೆ ನೂರಕ್ಕೆ ಅರವತ್ತನಾಲ್ಕರಷ್ಟಾಗುತ್ತದೆ. ಕೆಂಪು ಪಟ್ಟೆ ಕಂಡವರು ಗಾಬರಿಯಾಗುವ ಮೊದಲು ಈ ಗಣಿತವನ್ನು ಯಾರಾದರೂ ಅವರಿಗೆ ವಿವರಿಸಬೇಕಾಗಿತ್ತು.

ನನಗೆ ನಿಜವಾಗಿಯೂ ಅಸಮಾಧಾನ ತಂದದ್ದು ವರದಿಯನ್ನು ಅರ್ಥೈಸುವ ಕ್ರಮ. ಪಾದರಸ ಹೆಚ್ಚು ಬಂದರೆ ‘ನಿಮ್ಮ ಮೈಯಲ್ಲಿ ಪಾದರಸ ತುಂಬಿದೆ’ ಎನ್ನುತ್ತಾರೆ. ಕಡಿಮೆ ಬಂದರೆ ‘ನಿಮ್ಮ ದೇಹ ಅದನ್ನು ಹೊರಹಾಕುತ್ತಿಲ್ಲ, ಒಳಗೇ ಹಿಡಿದಿಟ್ಟುಕೊಂಡಿದೆ’ ಎನ್ನುತ್ತಾರೆ. ಎರಡು ವಿರುದ್ಧ ಫಲಿತಾಂಶಗಳಿಂದ ಒಂದೇ ತೀರ್ಮಾನ ಹೊರಡುವುದಾದರೆ ಕೂದಲನ್ನು ಕತ್ತರಿಸಬೇಕಾದ ಅಗತ್ಯವೇ ಇರಲಿಲ್ಲ. ಮೀನು ಹೆಚ್ಚು ತಿನ್ನುವವರು, ಅದರಲ್ಲಿಯೂ ಗರ್ಭಿಣಿಯಾಗಬಯಸುವವರು, ಒಳ್ಳೆಯ ಪ್ರಯೋಗಾಲಯದಲ್ಲಿ ಪಾದರಸ ಒಂದಕ್ಕೆ ಮಾತ್ರ ಕೂದಲನ್ನು ಪರೀಕ್ಷಿಸಿಕೊಳ್ಳುವುದನ್ನು ನಾನು ಒಪ್ಪುತ್ತೇನೆ. ಉಳಿದ ಇಪ್ಪತ್ತೊಂಬತ್ತು ಧಾತುಗಳ ಪಟ್ಟಿಗೆ ಹಣ ತೆರುವುದನ್ನು ಒಪ್ಪುವುದಿಲ್ಲ.

ಕೂದಲ ಪರೀಕ್ಷೆ ಅನಗತ್ಯ ಆತಂಕ ತಂದರೆ, ‘ಪ್ರಚೋದಿತ ಮೂತ್ರಪರೀಕ್ಷೆ’ ಅಪಾಯವನ್ನೇ ತರಬಲ್ಲದು; ಈ ವಿಮರ್ಶೆಯಲ್ಲಿ ನಾನು ಹೆಚ್ಚು ಹೊತ್ತು ನಿಲ್ಲಬೇಕಾದದ್ದು ಇದರ ಬಳಿಯೇ. ಇದರಲ್ಲಿ ರೋಗಿಗೆ ಮೊದಲು ಡಿಎಂಎಸ್‌ಎ, ಡಿಎಂಪಿಎಸ್ ಅಥವಾ ಇಡಿಟಿಎ ಎಂಬ ಕೀಲೇಶನ್ ಔಷಧಿಯನ್ನು ಗುಳಿಗೆಯಾಗಿಯೋ ಡ್ರಿಪ್ ಮೂಲಕವೋ ಕೊಡುತ್ತಾರೆ. ಈ ಔಷಧಿಗಳ ಕೆಲಸವೇ ಲೋಹದ ಕಣಗಳಿಗೆ ಅಂಟಿಕೊಂಡು ಅವುಗಳನ್ನು ಮೂತ್ರಕ್ಕೆ ಎಳೆದು ತರುವುದು. ಬಳಿಕ ಕೆಲವು ಗಂಟೆಗಳ ಮೂತ್ರವನ್ನು ಸಂಗ್ರಹಿಸಿ ಅಳೆಯುತ್ತಾರೆ. ನಾವೆಲ್ಲರೂ ಉಣ್ಣುವ, ಕುಡಿಯುವ, ಉಸಿರಾಡುವ ಜಗತ್ತಿನಲ್ಲಿ ಅಲ್ಪಸ್ವಲ್ಪ ಸೀಸವೂ ಪಾದರಸವೂ ಇದ್ದೇ ಇರುವುದರಿಂದ, ಎಂಥ ಆರೋಗ್ಯವಂತರಿಗೆ ಈ ಔಷಧಿ ಕೊಟ್ಟರೂ ಮೂತ್ರದಲ್ಲಿ ಲೋಹ ಏರುತ್ತದೆ. ಏರಿದ ಆ ಅಂಕಿಯನ್ನು ವರದಿಯಲ್ಲಿ ಹೋಲಿಸಿರುವುದು ಔಷಧಿ ತೆಗೆದುಕೊಳ್ಳದವರ ಸಾಮಾನ್ಯ ವ್ಯಾಪ್ತಿಯೊಂದಿಗೆ. ಬಾವಿಯ ತಳವನ್ನು ಚೆನ್ನಾಗಿ ಕಲಕಿ, ಒಂದು ಕೊಡ ಸೇದಿ, ನಿಮ್ಮ ನೀರು ಬಗ್ಗಡವಾಗಿದೆ ಎಂದಂತೆ ಇದು.

ಇಂಥ ಒಂದು ವರದಿಯನ್ನು ನಾನು ಸಾವಧಾನವಾಗಿ ಓದಿದ್ದೇನೆ. ಸೀಸ ಮತ್ತು ಪಾದರಸದ ಸಾಲುಗಳಲ್ಲಿ ಪಟ್ಟೆ ಹಸಿರನ್ನು ದಾಟಿ, ಹಳದಿಯನ್ನು ದಾಟಿ, ಕೆಂಪಿನ ಅಂಚಿಗೆ ಮುಟ್ಟಿತ್ತು. ಮೇಲುಗಡೆ ಮಾದರಿಯ ವಿವರ ಬರೆಯುವ ಜಾಗದಲ್ಲಿ ಕೀಲೇಶನ್ ಔಷಧಿಯ ಹೆಸರೂ ಪ್ರಮಾಣವೂ ನಮೂದಾಗಿದ್ದವು. ಪುಟದ ಅಡಿಯಲ್ಲಿ, ಓದಲು ಕಣ್ಣು ಕಿರಿದಾಗಿಸಬೇಕಾದಷ್ಟು ಸಣ್ಣ ಅಕ್ಷರಗಳಲ್ಲಿ, ಈ ವ್ಯಾಪ್ತಿಗಳು ಪ್ರಚೋದನೆಯಿಲ್ಲದ ಮಾದರಿಗಳಿಗೆ ಮಾತ್ರ ಅನ್ವಯಿಸುತ್ತವೆ ಎಂಬ ಒಂದು ಸಾಲಿತ್ತು. ಅಂದರೆ ಆ ಪುಟದಲ್ಲಿರುವ ಬಣ್ಣದ ಚಿತ್ರಕ್ಕೆ ಅರ್ಥವಿಲ್ಲವೆಂದು ಪ್ರಯೋಗಾಲಯವೇ ಒಪ್ಪಿಕೊಂಡಿತ್ತು. ವರದಿಯನ್ನು ಕೈಗೆ ಕೊಟ್ಟು ವಿವರಿಸಿದವರು ಆ ಸಾಲಿನ ಮಾತನ್ನೇ ಎತ್ತಿರಲಿಲ್ಲ. ರೋಗಿಯೊಬ್ಬರು ತಮ್ಮ ಮುಂದಿನ ಹಲವು ತಿಂಗಳ ಚಿಕಿತ್ಸೆಯನ್ನು ಆ ಕೆಂಪು ಪಟ್ಟೆಯ ಆಧಾರದ ಮೇಲೆ ನಿರ್ಧರಿಸಿದ್ದರು ಎಂಬುದನ್ನು ನೆನೆದರೆ ಈಗಲೂ ನೋವಾಗುತ್ತದೆ.

ಇದರ ಪರವಾಗಿ ಹೇಳುವ ವಾದವನ್ನೂ ನ್ಯಾಯವಾಗಿ ಕೇಳಬೇಕು. ರಕ್ತಪರೀಕ್ಷೆ ಇತ್ತೀಚಿನ ಸಂಪರ್ಕವನ್ನಷ್ಟೇ ತೋರಿಸುತ್ತದೆ, ಅಂಗಾಂಗಗಳಲ್ಲಿ ಅಡಗಿರುವ ಹಳೆಯ ಸಂಗ್ರಹವನ್ನು ಹೊರತರಲು ಪ್ರಚೋದನೆ ಬೇಕೇ ಬೇಕು ಎಂಬುದು ಆ ವಾದ. ಇದು ಬುಡವಿಲ್ಲದ ಕಲ್ಪನೆಯೇನೂ ಅಲ್ಲ. ಸೀಸದ ಬಾಧೆಯಿದ್ದ ಮಕ್ಕಳಿಗೆ ಚಿಕಿತ್ಸೆ ಬೇಕೇ ಎಂದು ನಿರ್ಧರಿಸಲು ಇಡಿಟಿಎ ಕೊಟ್ಟು ಮೂತ್ರ ಅಳೆಯುವ ಕ್ರಮ ಒಂದು ಕಾಲಕ್ಕೆ ಆಸ್ಪತ್ರೆಗಳಲ್ಲಿಯೂ ಇತ್ತು, ಆಮೇಲೆ ಅದನ್ನು ಕೈಬಿಟ್ಟರು. ಅಡಗಿದ ಸಂಗ್ರಹವನ್ನು ಇದು ನಿಜಕ್ಕೂ ತೋರಿಸುವುದಾದರೆ, ವರ್ಷಗಟ್ಟಲೆ ಪಾದರಸದ ನಡುವೆ ದುಡಿದವರಲ್ಲಿ ಅದು ಎದ್ದು ಕಾಣಬೇಕಾಗಿತ್ತು. 2001ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಪಾದರಸ ಬಳಸಿ ಕ್ಲೋರಿನ್ ತಯಾರಿಸುತ್ತಿದ್ದ ಕಾರ್ಖಾನೆಯ ಮಾಜಿ ಕೆಲಸಗಾರರಿಗೂ ಪಾದರಸದ ಸಂಪರ್ಕವೇ ಇಲ್ಲದವರಿಗೂ ಡಿಎಂಎಸ್‌ಎ ಕೊಟ್ಟು ನೋಡಿದಾಗ, ಹಳೆಯ ಸಂಪರ್ಕವಿದ್ದವರನ್ನು ಇಲ್ಲದವರಿಂದ ಬೇರ್ಪಡಿಸಲು ಪರೀಕ್ಷೆಗೆ ಸಾಧ್ಯವಾಗಲಿಲ್ಲ. ಅಮೆರಿಕದ ವೈದ್ಯಕೀಯ ವಿಷವಿಜ್ಞಾನ ಕಾಲೇಜು 2009ರಲ್ಲಿ ಹೊರಡಿಸಿದ ಹೇಳಿಕೆಯೂ ನೇರವಾಗಿದೆ: ಈ ಪರೀಕ್ಷೆ ವೈಜ್ಞಾನಿಕವಾಗಿ ದೃಢಪಟ್ಟಿಲ್ಲ, ಇದರಿಂದ ಪ್ರಯೋಜನವಾದ ಆಧಾರವಿಲ್ಲ, ಹಾನಿಯಾಗಬಹುದು.

ಹಾನಿ ಎಂಬ ಮಾತನ್ನು ಹಗುರವಾಗಿ ಕಾಣಬಾರದು. ಕೀಲೇಶನ್ ಔಷಧಿಗಳು ಸೀಸದ ಜೊತೆಗೆ ಸತು, ತಾಮ್ರದಂಥ ಬೇಕಾದ ಧಾತುಗಳನ್ನೂ ಸೆಳೆದೊಯ್ಯುತ್ತವೆ. ಇಡಿಟಿಎಯಲ್ಲಿ ಎರಡು ಬಗೆಗಳಿವೆ. ಕ್ಯಾಲ್ಸಿಯಂ ಸೇರಿಸಿದ ಬಗೆಯನ್ನು ಸೀಸದ ಚಿಕಿತ್ಸೆಗೆ ಬಳಸುತ್ತಾರೆ, ಕ್ಯಾಲ್ಸಿಯಂ ಇಲ್ಲದ ಡೈಸೋಡಿಯಂ ಬಗೆ ರಕ್ತದ ಕ್ಯಾಲ್ಸಿಯಂ ಅನ್ನೇ ಹಿಡಿದುಕೊಂಡು ಹೃದಯವನ್ನು ನಿಲ್ಲಿಸಬಲ್ಲದು. 2003ರಿಂದ 2005ರ ನಡುವೆ ಅಮೆರಿಕದಲ್ಲಿ ಕೀಲೇಶನ್‌ನಿಂದ ರಕ್ತದ ಕ್ಯಾಲ್ಸಿಯಂ ಕುಸಿದು ಸಂಭವಿಸಿದ ಮೂರು ಸಾವುಗಳನ್ನು ಅಲ್ಲಿನ ರೋಗ ನಿಯಂತ್ರಣ ಕೇಂದ್ರವಾದ ಸಿಡಿಸಿ 2006ರಲ್ಲಿ ವರದಿ ಮಾಡಿತು; ಸತ್ತವರಲ್ಲಿ ಇಬ್ಬರು ಮಕ್ಕಳು. ಆಟಿಸಂ ಇದ್ದ ಐದು ವರ್ಷದ ಬಾಲಕ ಅವರಲ್ಲೊಬ್ಬ. 2010ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ, ವೈದ್ಯರ ಚೀಟಿಯಿಲ್ಲದೆ ಕೀಲೇಶನ್ ಉತ್ಪನ್ನಗಳನ್ನು ಮಾರುತ್ತಿದ್ದ ಎಂಟು ಕಂಪನಿಗಳಿಗೆ ಎಚ್ಚರಿಕೆಯ ಪತ್ರ ಬರೆಯಿತು. ಈ ಚಿಕಿತ್ಸೆಗಳ ಬಾಗಿಲು ತೆರೆಯುವ ಕೀಲಿಯಾಗಿ ಪ್ರಚೋದಿತ ಮೂತ್ರಪರೀಕ್ಷೆ ಬಳಕೆಯಾಗುತ್ತಿದೆ ಎಂಬುದೇ ನನ್ನ ಮುಖ್ಯ ತಕರಾರು. ಇದನ್ನು ಯಾರಿಗೂ, ಯಾವ ಸಂದರ್ಭಕ್ಕೂ ನಾನು ಶಿಫಾರಸು ಮಾಡಲಾರೆ. ಮಕ್ಕಳಿಗಂತೂ ಖಂಡಿತ ಬೇಡ.

ಉಳಿದ ಕೆಲವು ವಿಧಾನಗಳ ಬಗ್ಗೆ ಇಷ್ಟೆಲ್ಲ ಬರೆಯಬೇಕಾಗಿಲ್ಲ. ಕೈಯಲ್ಲಿ ಲೋಹವಿರುವ ಸೀಸೆ ಹಿಡಿಸಿ, ಚಾಚಿದ ತೋಳನ್ನು ಒತ್ತಿ, ಸ್ನಾಯು ಸೋತರೆ ಆ ಲೋಹದ ಬಾಧೆಯಿದೆ ಎನ್ನುವ ಕೈನೀಸಿಯಾಲಜಿ 1964ರಿಂದ ಚಾಲ್ತಿಯಲ್ಲಿದೆ. ಪೋಷಕಾಂಶಗಳ ಕೊರತೆಯನ್ನು ಅದರಿಂದ ಗುರುತಿಸಬಹುದೇ ಎಂದು 1988ರಲ್ಲಿ ಪರೀಕ್ಷಿಸಿದಾಗ ಉತ್ತರಗಳು ಕಣ್ಣುಮುಚ್ಚಿ ಊಹಿಸಿದ್ದಕ್ಕಿಂತ ಮೇಲಾಗಿರಲಿಲ್ಲ. ಬೆರಳ ತುದಿಯ ಮೇಲೆ ಲೋಹದ ಕಡ್ಡಿಯೊತ್ತಿ ಚರ್ಮದ ವಿದ್ಯುತ್ ರೋಧವನ್ನು ಅಳೆಯುವ ಯಂತ್ರಗಳ ಮೂಲ 1950ರ ದಶಕದ ಜರ್ಮನಿಯ ವೈದ್ಯ ರೈನ್‌ಹೋಲ್ಡ್ ಫೋಲ್ ಅವರ ಪ್ರಯೋಗಗಳಲ್ಲಿದೆ. ಬೆವರು, ಕಡ್ಡಿಯ ಒತ್ತಡ, ಒತ್ತುವ ಕೋನ ಇವುಗಳಿಂದಲೇ ಅಂಕಿ ಬದಲಾಗುತ್ತದೆ. ಅಲರ್ಜಿಯನ್ನು ಪತ್ತೆ ಮಾಡಲು ಇವಕ್ಕೆ ಸಾಧ್ಯವೇ ಎಂದು ಬ್ರಿಟನ್ನಿನಲ್ಲಿ ನಡೆಸಿದ, 2001ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಅಲರ್ಜಿ ಇದ್ದವರಿಗೂ ಇಲ್ಲದವರಿಗೂ ಯಂತ್ರ ವ್ಯತ್ಯಾಸ ಕಾಣಲಿಲ್ಲ. ಕಣ್ಣಿನ ಬಣ್ಣದ ಪೊರೆಯನ್ನು ನೋಡಿ ಹೇಳುವ ವಿಧಾನವೂ ಮೂತ್ರಪಿಂಡದ ಕಾಯಿಲೆಯನ್ನು ಗುರುತಿಸಲಾರದೆ 1979ರಲ್ಲಿಯೇ ಸೋತಿದೆ. ಇವುಗಳಿಗೆ ಲೋಹವನ್ನು ಅಳೆಯುವ ಯಾವ ಅಂಗವೂ ಇಲ್ಲ.

ಅಂಗೈಗೆ ಬೆಳಕು ಹಾಯಿಸಿ ನಿಮಿಷಗಳಲ್ಲಿ ಹತ್ತಾರು ಲೋಹಗಳ ಪಟ್ಟಿಯನ್ನು ಪರದೆಯ ಮೇಲೆ ತೋರಿಸುವ ಸ್ಕ್ಯಾನರುಗಳು ಇವುಗಳಿಗಿಂತ ನಯವಾಗಿ ಕಾಣುತ್ತವೆ. ಆದುದರಿಂದ ಅವುಗಳನ್ನು ಕುರಿತು ಸ್ವಲ್ಪ ಹೆಚ್ಚು ಹೇಳಬೇಕು. ಮಕ್ಕಳ ರಕ್ತದ ಸೀಸಕ್ಕೆ ಸಿಡಿಸಿ 2021ರಲ್ಲಿ ನಿಗದಿಪಡಿಸಿದ ಗಮನಸೂಚಿ ಮಟ್ಟ ಡೆಸಿಲೀಟರ್‌ಗೆ 3.5 ಮೈಕ್ರೋಗ್ರಾಂ. ಅಂದರೆ ನೂರು ಕೋಟಿ ಪಾಲು ರಕ್ತದಲ್ಲಿ ಸುಮಾರು ಮೂವತ್ತೈದು ಪಾಲು ಸೀಸ. ಇಷ್ಟು ಸೂಕ್ಷ್ಮ ಪ್ರಮಾಣವನ್ನು ಹಿಡಿಯಲು ಪ್ರಯೋಗಾಲಯದಲ್ಲಿ ಮಾದರಿಯನ್ನು ಸಾವಿರಾರು ಡಿಗ್ರಿ ಶಾಖದ ಆರ್ಗಾನ್ ಪ್ಲಾಸ್ಮಾದಲ್ಲಿ ಒಡೆದು, ಬಿಡಿ ಅಯಾನುಗಳನ್ನು ಅವುಗಳ ರಾಶಿಗೆ ಅನುಗುಣವಾಗಿ ಬೇರ್ಪಡಿಸಿ ಎಣಿಸಬೇಕಾಗುತ್ತದೆ. ಚರ್ಮದ ಮೇಲೆ ಬಿದ್ದು ಹಿಂದಿರುಗುವ ಬೆಳಕನ್ನು ಬಹುಮಟ್ಟಿಗೆ ರೂಪಿಸುವುದು ಮೆಲನಿನ್, ಹಿಮೋಗ್ಲೋಬಿನ್ ಮತ್ತು ನೀರು. ಪ್ರೋಟೀನಿಗೆ ಅಂಟಿಕೊಂಡಿರುವ ನೂರು ಕೋಟಿಯಲ್ಲಿ ಮೂವತ್ತೈದು ಪಾಲು ಸೀಸಕ್ಕೆ ಆ ಬೆಳಕಿನಲ್ಲಿ ಗುರುತು ಮೂಡಿಸುವ ಶಕ್ತಿಯಿಲ್ಲ. ವಯಸ್ಸು, ತೂಕ, ಎತ್ತರ, ರಕ್ತದ ಗುಂಪನ್ನು ಮೊದಲೇ ತುಂಬಿಸಿಕೊಂಡು ಆಮೇಲೆ ‘ಅಳೆಯುವ’ ಯಂತ್ರವನ್ನು ಕಂಡಾಗ, ಪಟ್ಟಿಯಲ್ಲಿ ಕಾಣುವ ಅಂಕಿಗಳಲ್ಲಿ ಅಂಗೈಯಿಂದ ಬಂದದ್ದೆಷ್ಟು, ಕೀಲಿಮಣೆಯಿಂದ ಬಂದದ್ದೆಷ್ಟು ಎಂದು ಕೇಳುವ ಹಕ್ಕು ಹಣ ಕೊಡುವವರಿಗಿದೆ.

ಕಾಲನ್ನು ಉಪ್ಪುನೀರಿನಲ್ಲಿಟ್ಟು ಸಣ್ಣ ವಿದ್ಯುತ್ ಹರಿಸುವ ಸಾಧನವನ್ನು ಚಿಕಿತ್ಸೆಯೆಂದು ಮಾರಿದರೂ, ಎಷ್ಟೋ ಕೇಂದ್ರಗಳಲ್ಲಿ ಅದನ್ನು ಪರೀಕ್ಷೆಯಾಗಿಯೂ ಬಳಸುತ್ತಾರೆ. ನೀರು ಕಂದು ಬಣ್ಣಕ್ಕೆ ತಿರುಗಿದರೆ ಯಕೃತ್ತಿನದು, ಕಪ್ಪು ಚೂರುಗಳು ತೇಲಿದರೆ ಭಾರಲೋಹದ್ದು ಎಂದು ಗೋಡೆಗೆ ಪಟ್ಟಿಯನ್ನೇ ತೂಗುಹಾಕಿರುತ್ತಾರೆ. ಇಂಥ ಒಂದು ಸಾಧನವನ್ನು ಯಾರ ಕಾಲೂ ಇಲ್ಲದ ಬರಿಯ ಉಪ್ಪುನೀರಿನಲ್ಲಿ ನಡೆಸಿ ತೋರಿಸುವಂತೆ ನಾನು ಕೇಳಿಕೊಂಡೆ. ಸ್ವಲ್ಪ ಹೊತ್ತಿಗೆ ಎರಡು ಲೋಹದ ತಗಡುಗಳ ಸುತ್ತ ಕಿತ್ತಳೆ ಬಣ್ಣದ ಎಳೆಗಳು ಬಿಚ್ಚಿಕೊಂಡವು, ಬಳಿಕ ನೀರೆಲ್ಲ ತುಕ್ಕಿನ ಬಣ್ಣಕ್ಕೆ ತಿರುಗಿ ಮೇಲೆ ನೊರೆ ಕಟ್ಟಿತು, ತಳದಲ್ಲಿ ಕಪ್ಪು ಚೂರುಗಳು ಕೂತವು. ವಿದ್ಯುದ್ವಿಭಜನೆಯಲ್ಲಿ ತಗಡಿನ ಕಬ್ಬಿಣ ಕರಗಿ ತುಕ್ಕಾಗುವುದೇ ಆ ಬಣ್ಣ. 2012ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಪಾದಸ್ನಾನದ ನೀರು, ಮೂತ್ರ, ಕೂದಲು ಎಲ್ಲವನ್ನೂ ಅಳೆದು ನೋಡಿದಾಗಲೂ ಪಾದದಿಂದ ವಿಷವಸ್ತು ಹೊರಬಂದ ಕುರುಹು ಸಿಗಲಿಲ್ಲ. ಇದನ್ನು ಯಾರು ಬೇಕಾದರೂ ಕಣ್ಣೆದುರಿಗೇ ಪರೀಕ್ಷಿಸಬಹುದಾದುದರಿಂದ, ಖಾಲಿ ನೀರಿನಲ್ಲಿ ಯಂತ್ರ ನಡೆಸಿ ತೋರಿಸಲು ಹಿಂಜರಿಯುವ ಕೇಂದ್ರದಿಂದ ಎದ್ದು ಬರುವುದೇ ಲೇಸು.

ಮನೆಯಲ್ಲಿಯೇ ಮೂತ್ರದ ಹನಿ ಹಾಕಿ ಬಣ್ಣ ನೋಡುವ ಕಿಟ್‌ಗಳ ತೊಂದರೆ ಬೇರೆಯದು. ಅವುಗಳಲ್ಲಿ ಹಲವು ಡೈಥೈಜೋನ್‌ನಂಥ, ಲೋಹದೊಂದಿಗೆ ಬಣ್ಣ ಬದಲಿಸುವ ರಾಸಾಯನಿಕವನ್ನು ಬಳಸುತ್ತವೆ. ರಸಾಯನವೇನೋ ಸಾಚಾ, ಆದರೆ ಅದು ಸತುವಿಗೂ ತಾಮ್ರಕ್ಕೂ ಬಣ್ಣ ಬದಲಿಸುತ್ತದೆ, ಮತ್ತು ಮೂತ್ರದಲ್ಲಿ ಸತು ಇರುವುದು ಸಹಜವೇ. ಬಣ್ಣ ಬಂದರೆ ಸೀಸವೆಂದು ತಿಳಿಯಬಾರದು, ಬಾರದಿದ್ದರೆ ಸೀಸವಿಲ್ಲವೆಂದು ನೆಮ್ಮದಿಯಾಗಿರಲೂ ಬಾರದು.

ಇಷ್ಟು ಕಟುವಾಗಿ ಬರೆದ ಮೇಲೆ, ಈ ಕೇಂದ್ರಗಳಲ್ಲಿ ನಾನು ಮನಸಾರೆ ಮೆಚ್ಚಿದ ಒಂದು ಸಂಗತಿಯನ್ನೂ ಹೇಳಲೇಬೇಕು. ಅದು ಮಾತುಕತೆಗೆ ಅವರು ಕೊಡುವ ಸಮಯ. ಗಡಿಬಿಡಿಯ ಹೊರರೋಗಿ ವಿಭಾಗದಲ್ಲಿ ಯಾರೂ ಕೇಳದಂಥ ಪ್ರಶ್ನೆಗಳನ್ನು ಅಲ್ಲಿನ ಒಳ್ಳೆಯ ಚಿಕಿತ್ಸಕರು ಕೇಳುತ್ತಾರೆ: ಏನು ಕೆಲಸ ಮಾಡುತ್ತೀರಿ, ಮೊದಲು ಏನು ಮಾಡುತ್ತಿದ್ದಿರಿ, ಮನೆ ಎಷ್ಟು ಹಳೆಯದು, ನೀರು ಎಲ್ಲಿಂದ ಬರುತ್ತದೆ, ಯಾವ ಮೀನು ತಿನ್ನುತ್ತೀರಿ, ಬೀಡಿ, ಸಿಗರೇಟು ಸೇದುತ್ತೀರಾ, ಮುಖಕ್ಕೆ ಏನು ಹಚ್ಚುತ್ತೀರಿ. ಭಾರಲೋಹದ ವಿಷಯದಲ್ಲಿ ಈ ಪ್ರಶ್ನಾವಳಿಯೇ ಅತ್ಯಂತ ಬೆಲೆಬಾಳುವ ಪರೀಕ್ಷೆ. ಬ್ಯಾಟರಿ ಕೆಲಸ, ಬೆಸುಗೆ, ಹಳೆಯ ಬಣ್ಣ ಕೆರೆಯುವುದು, ಬಂದೂಕು ತರಬೇತಿಯ ಒಳಾಂಗಣ, ಸೀಸದ ಮೆರುಗು ಹಚ್ಚಿದ ಮಣ್ಣಿನ ಪಾತ್ರೆ, ಕೆಲವು ಕಾಡಿಗೆಗಳು, ಕೆಲವು ಕಡೆಯ ಕೊಳವೆಬಾವಿಯ ನೀರಿನ ಆರ್ಸೆನಿಕ್ ಇವುಗಳಲ್ಲಿ ಒಂದಾದರೂ ಉತ್ತರವಾಗಿ ಬಂದರೆ ಆಗ ಅನುಮಾನಕ್ಕೆ ಆಧಾರ ಸಿಕ್ಕಂತೆ. ಈ ಉತ್ತರಗಳನ್ನು ಹಿಡಿದು ಸರಿಯಾದ ಮಾದರಿಯನ್ನು ಸರಿಯಾದ ಪ್ರಯೋಗಾಲಯಕ್ಕೆ ಕಳುಹಿಸಿದ್ದರೆ ಅವರ ಸೇವೆಗೆ ನಾನು ಪೂರ್ಣ ಅಂಕ ಕೊಡುತ್ತಿದ್ದೆ. ಅಷ್ಟು ಚೆನ್ನಾಗಿ ಕೇಳಿದ ಮೇಲೆ ಎಲ್ಲರಿಗೂ ಅದೇ ಕೂದಲ ಲಕೋಟೆಯನ್ನೇ ಕೊಡುವುದು ಏಕೆ ಎಂಬುದು ನನಗೆ ಅರ್ಥವಾಗುವುದಿಲ್ಲ.

ಅವರ ಪ್ರಶ್ನಾವಳಿಯಲ್ಲಿ ಹೆಚ್ಚಾಗಿ ಬಿಟ್ಟುಹೋಗುವ ಪ್ರಶ್ನೆಯೂ ಒಂದಿದೆ: ನೀವು ಈಗಾಗಲೇ ಯಾವ ಪರ್ಯಾಯ ಔಷಧಿಗಳನ್ನು ತೆಗೆದುಕೊಳ್ಳುತ್ತಿದ್ದೀರಿ? 2008ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಇಂಟರ್ನೆಟ್ ಮೂಲಕ ಮಾರಾಟವಾಗುತ್ತಿದ್ದ 193 ಆಯುರ್ವೇದ ಉತ್ಪನ್ನಗಳನ್ನು ಪರೀಕ್ಷಿಸಿದಾಗ ಐದರಲ್ಲಿ ಸುಮಾರು ಒಂದರಲ್ಲಿ ಸೀಸ, ಪಾದರಸ ಅಥವಾ ಆರ್ಸೆನಿಕ್ ಪತ್ತೆಯಾಗಿತ್ತು. ಸುಸ್ತಿಗೆಂದು ತೆಗೆದುಕೊಂಡ ಪುಡಿಯೇ ಸುಸ್ತಿಗೆ ಕಾರಣವಾಗಿರುವ ಸಂದರ್ಭಗಳು ವೈದ್ಯಕೀಯ ಸಾಹಿತ್ಯದಲ್ಲಿ ಬೇಕಾದಷ್ಟು ದಾಖಲಾಗಿವೆ. ಪರೀಕ್ಷೆಗೆ ಹೋಗುವಾಗ ಮನೆಯಲ್ಲಿರುವ ಎಲ್ಲ ಡಬ್ಬಿ, ಪೊಟ್ಟಣಗಳನ್ನೂ ಜೊತೆಗೆ ಒಯ್ಯುವುದು ಒಳ್ಳೆಯದು. ಅನುಮಾನವಿದ್ದರೆ ಆ ಪುಡಿಯನ್ನೇ ಪ್ರಯೋಗಾಲಯದಲ್ಲಿ ಪರೀಕ್ಷಿಸಬಹುದು.

ಕೂದಲ ವರದಿಯನ್ನೋ ಪ್ರಚೋದಿತ ಮೂತ್ರದ ವರದಿಯನ್ನೋ ಈಗಾಗಲೇ ಕೈಯಲ್ಲಿ ಹಿಡಿದು ಚಿಂತೆಯಲ್ಲಿರುವವರು ಮೊದಲು ಮಾಡಬೇಕಾದದ್ದು ಕೀಲೇಶನ್ ಆರಂಭಿಸದೆ ಇರುವುದು. ಕೀಲೇಶನ್ ಔಷಧಿ ತೆಗೆದುಕೊಂಡಿದ್ದರೆ ಅದನ್ನು ವೈದ್ಯರಿಗೆ ತಿಳಿಸಿ, ಅದರ ಪ್ರಭಾವ ಇಳಿದ ಮೇಲೆ, ಪ್ರಚೋದನೆಯಿಲ್ಲದ ಪರೀಕ್ಷೆಯನ್ನು ಕೇಳಬೇಕು. ಸೀಸಕ್ಕೆ ರಕ್ತನಾಳದಿಂದ ತೆಗೆದ ರಕ್ತವೇ ಆಗಬೇಕು, ಏಕೆಂದರೆ ಬೆರಳು ಚುಚ್ಚಿ ತೆಗೆದ ಹನಿಗೆ ಚರ್ಮದ ಮೇಲಿನ ಸೀಸ ಬೆರೆತು ಅಂಕಿ ಏರಬಹುದು. ಮಾದರಿ ಹಾಕುವ ಕೊಳವೆ ಲೋಹರಹಿತವೆಂದು ದೃಢಪಟ್ಟದ್ದಾಗಿರಬೇಕು. ಆರ್ಸೆನಿಕ್‌ಗೆ ಮೂತ್ರ ಕೊಡುವವರು ಅದಕ್ಕೆ ಮೊದಲು ಕೆಲವು ದಿನ ಮೀನು, ಸಿಗಡಿ, ಸಮುದ್ರದ ಪಾಚಿ ಯಾವುದನ್ನೂ ತಿನ್ನಬಾರದು. ಅವುಗಳಲ್ಲಿರುವ, ಬಹುಮಟ್ಟಿಗೆ ನಿರಪಾಯಕಾರಿಯಾದ ಆರ್ಸೆನೊಬೀಟೈನ್ ಒಟ್ಟು ಅಂಕಿಯನ್ನು ಏರಿಸಿ ಹೆದರಿಸುತ್ತದೆ. ಹಾಗೂ ಅಂಕಿ ಏರಿದರೆ, ಅಪಾಯಕಾರಿ ನಿರವಯವ ಆರ್ಸೆನಿಕ್ ಎಷ್ಟು, ಮೀನಿನದೆಷ್ಟು ಎಂದು ಬಿಡಿಸಿ ಹೇಳುವ ಪರೀಕ್ಷೆಯನ್ನು ಕೇಳಬಹುದು. ಎಂಆರ್‌ಐ ಸ್ಕ್ಯಾನಿಗೆ ಕೊಡುವ ಗಡೋಲಿನಿಯಂ ಮತ್ತು ಸಿಟಿಗೆ ಕೊಡುವ ಅಯೋಡಿನ್ ದ್ರವಗಳು ಅಳತೆಗೆ ಅಡ್ಡಿಯಾಗುವುದರಿಂದ, ಅಂಥ ಸ್ಕ್ಯಾನ್ ಆಗಿದ್ದರೆ ಕನಿಷ್ಠ ನಾಲ್ಕು ದಿನ ಕಾಯಬೇಕು.

ಈ ಅಂಕಿಗಳು ಸಾಮಾನ್ಯವಾಗಿ ಬಂದರೆ ಅದನ್ನು ಒಳ್ಳೆಯ ಸುದ್ದಿಯೆಂದೇ ತಿಳಿದು, ಸುಸ್ತಿಗೆ ರಕ್ತಹೀನತೆ, ಥೈರಾಯ್ಡ್, ಬಿ12 ಕೊರತೆ, ನಿದ್ದೆಯಲ್ಲಿ ಉಸಿರುಕಟ್ಟುವುದು, ಖಿನ್ನತೆ ಮೊದಲಾದ ಬೇರೆ ಕಾರಣಗಳನ್ನು ಹುಡುಕಲು ಮುಂದಾಗಬೇಕು. ಲೋಹದ ಹಿಂದೆ ಬಿದ್ದು ಕಳೆದ ತಿಂಗಳುಗಳಲ್ಲಿ ಈ ಕಾಯಿಲೆಗಳು ಚಿಕಿತ್ಸೆಯಿಲ್ಲದೆ ಉಳಿದುಬಿಡುತ್ತವೆ. ನಿಜವಾಗಿಯೂ ಏರಿದ್ದರೆ ಮೊದಲ ಚಿಕಿತ್ಸೆ ಮೂಲವನ್ನು ಕಂಡುಹಿಡಿದು ಸಂಪರ್ಕ ತಪ್ಪಿಸುವುದು. ರಕ್ತದ ಸೀಸ ಡೆಸಿಲೀಟರ್‌ಗೆ 5 ಮೈಕ್ರೋಗ್ರಾಂ ಮುಟ್ಟಿದಲ್ಲಿ ಮೂಲವನ್ನು ಹುಡುಕಿ ಕ್ರಮ ಕೈಗೊಳ್ಳಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2021ರ ಮಾರ್ಗಸೂಚಿಯಲ್ಲಿ ಹೇಳಿದೆ. ಹತ್ತು ವರ್ಷದವರೆಗಿನ ಮಕ್ಕಳಿಗೆ ಕೀಲೇಶನ್ ಔಷಧಿಯನ್ನು ಅದು ಸೂಚಿಸುವುದು 45 ಮೈಕ್ರೋಗ್ರಾಂ ಅಥವಾ ಅದಕ್ಕಿಂತ ಹೆಚ್ಚಿದ್ದಾಗ. ಈ ಎರಡು ಅಂಕಿಗಳ ನಡುವಿನ ದೂರವನ್ನು ಗಮನಿಸಿದರೆ, ಕೂದಲಿನ ಕೆಂಪು ಪಟ್ಟೆ ಕಂಡೊಡನೆ ಡ್ರಿಪ್ ಹಾಕಲು ಕರೆಯುವ ಕೇಂದ್ರದ ಆತುರ ಎಂಥದೆಂಬುದು ತಿಳಿಯುತ್ತದೆ. ಮನೆಯಲ್ಲಿ ಒಬ್ಬರಿಗೆ ಸೀಸ ಏರಿರುವುದು ಖಚಿತವಾದರೆ, ಅದೇ ಮನೆಯ ಮಕ್ಕಳ ಮತ್ತು ಗರ್ಭಿಣಿಯರ ರಕ್ತವನ್ನೂ ತಡಮಾಡದೆ ಪರೀಕ್ಷಿಸಬೇಕು. ಕೆಲಸದ ಬಟ್ಟೆಗೂ ಚಪ್ಪಲಿಗೂ ಅಂಟಿಕೊಂಡು ಬಂದ ಧೂಳು ನೆಲದ ಮೇಲೆ ಆಡುವ ಮಗುವಿನ ಕೈಗೂ ಬಾಯಿಗೂ ಎಲ್ಲರಿಗಿಂತ ಬೇಗ ತಲುಪುತ್ತದೆ.